ಐವತ್ತಕ್ಕೆ ನಲವತ್ತೊಂಬತ್ತು

ಹೊನ್ನಾಳಿಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದ ಜಯದೇವಪ್ಪನಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಂಕ. ಎಸ್ಸೆಸ್ಸೆಲ್ಸಿ ಫೇಲಾದವರಿಗೆ ವರ್ಷಗಟ್ಟಲೆ ಟ್ಯುಟೋರಿಯಲ್ ನಡೆಸಿದ್ದ ಆತ, ಎದುರಿಗೆ ಏನೇ ಬಂದರೂ ನೂರಕ್ಕೆ ಎಷ್ಟು ಎಂದು ಕೇಳುತ್ತಿದ್ದ. ಡಿಪ್ಲೊಮಾ ಮುಗಿಸಿ ಅವನಲ್ಲಿ ಕೆಲಸಕ್ಕೆ ಸೇರಿದ ಶಾಂತಾದೇವಿಗೆ ಒಂದೇ ವಾರದಲ್ಲಿ ಅವನ ಆಳ ತಿಳಿದಿತ್ತು. ಮೊಣಕಾಲು ಮುಳುಗುವಷ್ಟೂ ಇರಲಿಲ್ಲ.

ಅದು 1988. ಅವನ ಭಾವಮೈದುನ ಬಸವರಾಜಪ್ಪ ಜಮೀನಿನ ಲೆಕ್ಕಕ್ಕೆಂದು ಒಂದು ಲೈಬ್ರರಿ ಬರೆದುಕೊಟ್ಟಿದ್ದ. ಎಕರೆ ಗುಂಟೆಗಳನ್ನು ಕೂಡಿಸುವ, ಕಳೆಯುವ, ಪಾಲು ಹಾಕುವ ಸಣ್ಣ ಸಣ್ಣ ಪ್ರೋಗ್ರಾಮುಗಳೆಲ್ಲ ಒಂದೇ ಫ್ಲಾಪಿಯಲ್ಲಿ. ಅದನ್ನು ಪರೀಕ್ಷಿಸಲು ಐವತ್ತು ಲೆಕ್ಕ, ಪಕ್ಕದಲ್ಲಿ ಸರಿಯುತ್ತರ. ಯಂತ್ರದ ಉತ್ತರ ತಾಳೆಯಾದರೆ ‘ಓಕೆ’, ಇಲ್ಲದಿದ್ದರೆ ‘ತಪ್ಪು’. ನಲವತ್ತೊಂಬತ್ತು ಲೆಕ್ಕ ಬಸವರಾಜಪ್ಪನವೇ. ಕೊನೆಯದು ಶಾಂತಾದೇವಿಯದು.

ಪ್ರಿಂಟರ್ ಕಿರುಗುಟ್ಟಿ ನಿಂತಿತು. ಕೊನೆಯ ಸಾಲೊಂದು ಮಾತ್ರ ‘ತಪ್ಪು’.

“ತೊಂಬತ್ತೆಂಟು ಪರ್ಸೆಂಟು!” ಜಯದೇವಪ್ಪ ಹಿಗ್ಗಿದ. “ನನ್ನ ಟ್ಯುಟೋರಿಯಲ್‌ನಾಗೆ ಯಾವನೂ ತೆಗೀಲಿಲ್ಲ ಕಣಮ್ಮ. ಸೈನ್ ಹಾಕು. ಇದನ್ನ ಕೊಳ್ಳೋಕೆ ಜಗಳೂರಿನ ಕಲ್ಲೇಶಪ್ಪ ಬರ್ತಾ ಅವ್ರೆ.”

“ಸಾರ್, ಇದು ಮಾರ್ಕ್ಸ್ ಅಲ್ಲ. ಐದು ಎಕರೆ ಹತ್ತು ಗುಂಟೆ ಮೂವರಿಗೆ ಪಾಲು ಹಾಕು ಅಂದ್ರೆ ತಲಾ ಒಂದು ಎಕರೆ ಎಪ್ಪತ್ತು ಗುಂಟೆ ಅಂತೈತೆ. ನಲವತ್ತು ಗುಂಟೆಗೇ ಎಕರೆ ಆತಲ್ಲ? ಬಸವರಾಜಪ್ಪನೋರು ಗುಂಟೆನ ಪೈಸೆ ಥರ ಬರ್ದಾರೆ, ನೂರಕ್ಕೆ ಒಂದು.”

“ಉಳಿದ ನಲವತ್ತೊಂಬತ್ತು?”

“ಆರು ಎಕರೆ ಹನ್ನೆರಡು ಗುಂಟೆ ಮೂವರಿಗೆ. ಎಂಟು ಎಕರೆ ಎಂಟು ಗುಂಟೆ ಇಬ್ಬರಿಗೆ. ಎಲ್ಲಾ ಅಂಥವೇ, ಎಕರೆ ಒಡೆದು ಗುಂಟೆ ಮಾಡೋ ಅಗತ್ಯಾನೇ ಇಲ್ಲ. ಒಂದೇ ಪ್ರಶ್ನೆ ನಲವತ್ತೊಂಬತ್ತು ಸಲ ಕೇಳ್ದಂಗೆ.”

ಜಯದೇವಪ್ಪ ಗಂಭೀರವಾಗಿ ಯೋಚಿಸಿದ. ಯೋಚನೆ ಅವನ ಮುಖಕ್ಕೆ ಹೊಂದುತ್ತಿರಲಿಲ್ಲ.

“ಸಿಲಬಸ್‌ನಾಗೆ ಇಲ್ದಿರೋ ಪ್ರಶ್ನೆ ನೀನ್ಯಾಕೆ ಹಾಕ್ದೆ? ತೆಗಿ ಅದನ್ನ.”

ಅವಳು ಕದಲಲಿಲ್ಲ. ಅವನೇ ಎರಡು ಬೆರಳಲ್ಲಿ ಕೀಲಿಗಳನ್ನು ಹುಡುಕಿ ಹುಡುಕಿ ಒತ್ತಿ ಆ ಲೆಕ್ಕ ಅಳಿಸಿದ. ಈ ಬಾರಿ ನಲವತ್ತೊಂಬತ್ತಕ್ಕೆ ನಲವತ್ತೊಂಬತ್ತು. ತಾನೇ ಓದಿ ಪಾಸಾದವನಂತೆ ಹಾಳೆ ಹರಿದು ಅವಳ ಮುಂದೆ ಹಿಡಿದ.

“ನಿನ್ನ ಸೈನ್ ಇದ್ರೇನೇ ಅವರು ನಂಬೋದು. ಹಾಕಲ್ಲ ಅಂದ್ರೆ ನಾಳೆಯಿಂದ ಬರಬ್ಯಾಡ.”

ತಾಲ್ಲೂಕಿನಲ್ಲಿ ಅವಳ ಕೈಗೆ ಎಟುಕುವ ಕಂಪ್ಯೂಟರ್ ಇನ್ನೊಂದಿರಲಿಲ್ಲ. ಪೆನ್ನು ತೆಗೆದು ಅಚ್ಚಿನ ಕೆಳಗೆ ಬರೆದಳು: ‘ಮೊದಲು ಐವತ್ತು ಪರೀಕ್ಷೆಗಳಿದ್ದವು. ಎಕರೆ ಒಡೆದು ಪಾಲು ಹಾಕುವ ಒಂದು ತಪ್ಪಾಯಿತು. ಅದನ್ನು ತೆಗೆಯಲಾಗಿದೆ.’ ಕೆಳಗೆ ಸಹಿ. ಜಯದೇವಪ್ಪ ಸಹಿಯನ್ನಷ್ಟೇ ನೋಡಿ ಹಾಳೆ ಮಡಚಿದ.

ಕಲ್ಲೇಶಪ್ಪ ಬಂದ. ಜಗಳೂರಿನಲ್ಲಿ ಪಾಲುಪತ್ರ ಬರೆದೇ ಬದುಕಿದವನು. ಕಾಗದ ಕೈಗೆ ಬಂದರೆ ಮೇಲಿನಿಂದ ಕೆಳಗಿನವರೆಗೆ ಓದದೆ ಬಿಡುವವನಲ್ಲ.

“ನೂರಕ್ಕೆ ನೂರು!” ಎಂದು ಜಯದೇವಪ್ಪ ಹಾಳೆ ಚಾಚಿದ.

“ಕೆಳಗೆ ಬೇರೆ ಏನೋ ಐತಲ್ರೀ ಮೇಷ್ಟ್ರೇ,” ಎಂದು ಕಲ್ಲೇಶಪ್ಪ ಶಾಂತಾದೇವಿಯತ್ತ ತಿರುಗಿದ. “ಯಾವ್ದಮ್ಮಾ ತಪ್ಪಾಗಿದ್ದು?”

ಅವಳು ಆ ಲೆಕ್ಕವನ್ನು ಅವನೆದುರೇ ಕೊಟ್ಟು ಪರದೆ ತೋರಿಸಿದಳು. ಅವನು ತುಟಿಯಲ್ಲೇ ಗುಣಿಸಿದ.

“ಐದು ಎಕರೆ ಹತ್ತು ಗುಂಟೆ ಒಯ್ದು ಕೊಟ್ರೆ ಎಂಟು ಎಕರೆ ಹತ್ತು ಗುಂಟೆ ಮಾಡಿ ಕೊಡ್ತೈತಲ್ರೀ! ಮೇಲಿನ ಮೂರು ಎಕರೆ ನಿಮ್ಮ ಪ್ರಿಂಟರಿನಾಗಿಂದ ಉದುರ್ತಾವೇನು? ನನ್ನ ಪತ್ರ ನಂಬಿ ಅಣ್ಣತಮ್ಮಂದಿರು ಕುಡುಗೋಲು ಹಿಡೀಬೇಕಾ?”

“ಒಂದೇ ಒಂದು ಲೆಕ್ಕ ಕಣ್ರೀ...”

“ನಮ್ಮ ಕಡೆ ಹೊಲ ಎಲ್ಲಾ ಆ ಒಂದೇ ಲೆಕ್ಕದವು. ಬರ್ತೀನ್ರೀ,” ಎಂದು ಕಲ್ಲೇಶಪ್ಪ ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಜಯದೇವಪ್ಪನ ಕಿವಿ ಕೆಂಪಗಾಗಿತ್ತು. “ಬಾಗಿಲ ಬೀಗದ ಕೈ ಕೊಟ್ಟು ನಡಿ,” ಎಂದ.

“ನಡೀತೀನಿ ಸಾರ್.”

ಆದರೆ ಅವಳು ಮೊದಲು ಕುರ್ಚಿಗೇ ಮರಳಿದಳು. ಅಳಿಸಿದ ಲೆಕ್ಕವನ್ನು ಮತ್ತೆ ಅದರ ಜಾಗಕ್ಕೆ ಟೈಪ್ ಮಾಡಿ, ಫ್ಲಾಪಿಗೆ ಉಳಿಸಿ, ಐವತ್ತನ್ನೂ ಓಡಿಸಿದಳು. ಕೊನೆಯ ಸಾಲು ‘ತಪ್ಪು’ ಎಂದು ಅಚ್ಚಾಗುವವರೆಗೆ ಕಾದು, ಕೀ ಗೊಂಚಲನ್ನು ಅವನ ಮುಂದಿಟ್ಟು ಹೊರಟಳು. ಹಾಳೆ ಪ್ರಿಂಟರಿನಲ್ಲೇ ಇತ್ತು. ಅವನು ಬಗ್ಗಿ ಓದಿ, ಅಭ್ಯಾಸಬಲದಿಂದ ಮತ್ತೆ ಪರ್ಸೆಂಟು ಲೆಕ್ಕ ಹಾಕತೊಡಗಿದ್ದ.