ಅಣ್ಣನ ಕೆನ್ನೆಯ ಹತ್ತಿ

ಸೂಜಿಯ ಕಣ್ಣು ಎಲ್ಲಿ ಹೋಯಿತು, ಈಗ ಇಲ್ಲೇ ಇತ್ತು, ಬೆಳಕಿಗೆ ಹಿಡಿದರೆ ಎರಡು ಕಾಣುತ್ತೆ, ಲ್ಯಾಬಿನ ಹುಡುಗಿಗೆ ಬಾಯಿಗೆ ಬಂದಂತೆ ಬೈದು ಈಗ ತಾನೇ ಫೋನು ಇಟ್ಟಿದ್ದೇನೆ, ಮೇಡಂ ನೀವು ಕಳಿಸಿದ ಹತ್ತಿಯಲ್ಲಿ ಇಬ್ಬರ ಎಂಜಲು ಬೆರೆತಿದೆ, ಒಂದು ಹೆಂಗಸಿಂದು, ಹಂಗಿದ್ರೆ ನಾವು ಪರೀಕ್ಷೆ ಮಾಡಲ್ಲ, ನಿಮ್ಮಣ್ಣಂದು ಇನ್ನೊಂದ್ಸಲ ತೆಗೆದು ಕಳಿಸಿ — ಇನ್ನೊಂದ್ಸಲವಂತೆ, ಎಲ್ಲಿಂದ ತರಲಿ, ಅಣ್ಣ ಮಣ್ಣಾಗಿ ತಿಂಗಳಾಯಿತು, ನೀವೇ ಬೆರೆಸಿದೀರಿ ಕಣೇ, ಯಾವಳ ಎಂಜಲನ್ನೋ ತಂದು ನಮ್ಮಣ್ಣಂದಕ್ಕೆ ಹಾಕಿ ನನ್ನ ಮೇಲೆ ಹೇಳ್ತೀಯಾ, ಕೋಟಿಗೆ ಗುಂಡಿ ಹಾಕಬೇಕು, ಗಿರಾಕಿ ಸಂಜೆಗೆ ಬರುತ್ತಾನೆ, ಹೊಟ್ಟೆ ಬೆಳೆಸಿಕೊಂಡು ಕೋಟು ಚಿಕ್ಕದಾಯ್ತು ಅಂತಾನೆ. ಅಪ್ಪನ ಅಂಗಡಿ, ಅಪ್ಪನ ಕತ್ತರಿ, ಅಪ್ಪನ ಮೆಷಿನ್ನು, ಅಪ್ಪ ಮಾತ್ರ ಯಾರವನೋ, ಮೀಸೆ ಮೂಡುವ ಮುಂಚೆ ಒಬ್ಬನೇ ಈ ಊರಿಗೆ ಬಂದವನು, ಎಲ್ಲಿಂದ ಅಂತ ಸಾಯೋತನಕ ಅಮ್ಮನಿಗೂ ಹೇಳಲಿಲ್ಲ, ಅಪ್ಪಾ ನಿಮ್ಮಪ್ಪ ಯಾರು ಅಂದರೆ ಸಾಕು, ಬಿಳೀ ದಾರ ತೆಗೆದು ತುದಿಯನ್ನ ತುಟಿಯಲ್ಲಿ ಕಚ್ಚಿಕೊಳ್ಳೋನು, ಉತ್ತರ ಕೊಡದೆ ಇರೋಕೆ, ತುಂಬಾ ಪೀಡಿಸಿದರೆ, ಕತ್ತರಿಸಿದ ಮೇಲೆ ಬಟ್ಟೆ ಯಾವ ಥಾನಿಂದು ಅಂತ ಯಾರು ಕೇಳ್ತಾರೆ ಮಗಾ, ಹೊಲಿಗೆ ನೋಡು.

ನಾನು ಕೇಳ್ತೀನಿ, ಗಂಡ ಬಿಟ್ಟುಹೋದ, ಮಕ್ಕಳಿಲ್ಲ, ಅಣ್ಣನಿಗೂ ಇರಲಿಲ್ಲ, ಜ್ವರ ಬಂದು ಮಲಗಿದರೆ ನೀರು ಬೇಕಾ ಅನ್ನೋ ನರಪಿಳ್ಳೆಯಿಲ್ಲ, ಅಪ್ಪನ ಕಡೆಯವರು ಎಲ್ಲಾದರೂ ಇರಬೇಕಲ್ಲ, ಅಪ್ಪನ ಥರಾನೇ ಅಗಲ ಕಿವಿಯವರು, ಬೈದರೂ ಮರುದಿನ ಬಂದು ಕೂರುವಂಥವರು, ಎಂಜಲಿನ ಡಿಎನ್‌ಎ ಯಾರದರ ಜೊತೆಗಾದರೂ ಹೊಂದಿದರೆ ಅವರು ಯಾರು ಎಲ್ಲಿ ಅಂತ ಲ್ಯಾಬಿನವರು ಹೇಳ್ತಾರಂತೆ, ಆದರೆ ನನ್ನದು ನಡೆಯಲ್ಲವಂತೆ, ಅಪ್ಪನ ಅಪ್ಪ, ಅವನಪ್ಪ, ಆ ಗುರುತು ಗಂಡುಮಕ್ಕಳಿಗೆ ಮಾತ್ರ ಇಳಿಯುತ್ತಂತೆ, ಮತ್ತೆ ನನ್ನನ್ನೇನು ಚಿಂದಿಯಲ್ಲಿ ಹೊಲಿದ್ರಾ ಅಂತ ಆವತ್ತೂ ಅದೇ ಹುಡುಗಿಗೆ ಬೈದಿದ್ದೆ. ಅದಕ್ಕೇ ಅಣ್ಣನ ಹತ್ತಿರ ಹೋದೆ, ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ, ಆಸ್ಪತ್ರೆಯ ಮಂಚದ ಮೇಲೆ ಹ್ಯಾಂಗರಿಗೆ ಹಾಕಿದ ಅಂಗಿಯ ಹಾಗೆ, ಹೋದ ಕೂಡಲೇ ಬಾಯಿ ತೆಗಿಯೋ ಅಂದೆ, ನಕ್ಕ, ಜೀವಮಾನವೆಲ್ಲಾ ಬಾಯಿ ಮುಚ್ಚೋ ಅಂದೋಳು ಈಗ ತೆಗಿ ಅಂತೀಯಲ್ಲೇ — ತೆಗೆದ, ಹತ್ತಿಕಡ್ಡಿಯನ್ನು ಕೆನ್ನೆಯೊಳಗೆ ತಿರುಗಿಸಿದೆ, ಕೆನ್ನೆ ಎಷ್ಟು ತೆಳ್ಳಗೆ, ಆಚೆಯಿಂದ ಕಡ್ಡಿ ಓಡಾಡೋದು ಕಾಣುತ್ತಿತ್ತು, ಯಾರಾದ್ರೂ ಸಿಕ್ಕಿದ್ರೆ ನಂಗೂ ಹೇಳೇ ಅಂದ, ಹೇಳ್ತೀನಿ ಬಿಡೋ, ಹಾಗೇ ನಿದ್ದೆಗೆ ಜಾರಿದ.

ಥೂ ಈ ದಾರ, ತುದಿ ಬಿರಿದು ಎರಡೆಳೆ ಆಗಿದೆ, ನಾಲಗೆಗೆ ತಾಗಿಸಿ, ತುಟಿಯಲ್ಲಿ ಒತ್ತಿ ಎಳೆದು, ಬೆರಳಲ್ಲಿ ಹೊಸೆದು, ಬಿರಿದ ತುದಿ ಒಳಗೆ ಹೋಗಲ್ಲ ಮಗಾ, ಮೊದಲು ಬಾಯಿಗಿಡು, ಹೊಲಿಗೆ ಕಲಿಸುವಾಗ ಅಪ್ಪ ಹೇಳಿದ ಮೊದಲ ಮಾತು, ಬಾಯಿಗಿಡು — ಬಾಯಿಗಿಡು — ಆ ಸೀಸೆ, ಲ್ಯಾಬಿನವರು ಕೊಟ್ಟ ಸಣ್ಣ ಪ್ಲಾಸ್ಟಿಕ್ ಸೀಸೆ, ಕಿರಿದಾದ ಬಾಯಿ, ಅಣ್ಣನ ಕೆನ್ನೆಯಲ್ಲಿ ತಿರುಗಿ ತಿರುಗಿ ಹತ್ತಿ ಅರಳಿಕೊಂಡಿತ್ತು, ತೂರಿಸಿದೆ, ಹೋಗಲಿಲ್ಲ, ಮತ್ತೆ ತೂರಿಸಿದೆ, ಹೋಗಲಿಲ್ಲ, ಕೈ ತಾನಾಗಿ ಮೇಲೆ ಬಂತು, ನಾಲಗೆಗೆ ತಾಗಿಸಿ, ತುಟಿಯಲ್ಲಿ ಒತ್ತಿ ಎಳೆದು, ಬೆರಳಲ್ಲಿ ಹೊಸೆದು, ಎಷ್ಟು ಸಲೀಸಾಗಿ ಇಳೀತು ಅಂತ ಹಿಗ್ಗಿದೆನಲ್ಲ, ಬಾಯಲ್ಲಿ ಏನೋ ಕಹಿ, ಅಣ್ಣನ ಔಷಧಿ, ಹೊರಗೆ ನಲ್ಲಿಯಲ್ಲಿ ಉಗುಳಿ ಬಂದೆನಲ್ಲ, ಆ ಹೆಂಗಸು ನಾನೇ — ಪಾಪ ಆ ಹುಡುಗಿಗೆ ಏನೇನೆಲ್ಲ ಅಂದೆ, ಫೋನು ಮಾಡಿ ಹೇಳಬೇಕು, ಏನಂತ ಹೇಳಲಿ, ದಾರ ಆಗಲೇ ಸೂಜಿ ದಾಟಿದೆ, ಕೈ ಅದರ ಪಾಡಿಗೆ ಅದು ಪೋಣಿಸಿದೆ, ಅಪ್ಪಾ ನಿಮ್ಮಪ್ಪ ಯಾರು, ಅಪ್ಪ ತಲೆ ಎತ್ತಲ್ಲ, ಅಪ್ಪಾ, ತುಟಿ ಮಧ್ಯೆ ದಾರ, ಬಿಳೀ ದಾರ, ಒದ್ದೆ ತುದಿ