ಅತ್ತೆಯ ಸೀರೆಯ ತುಂಡು

ಮತ್ತೆ ಮುಷ್ಟಿ ಬಿಗಿಯಿತು, ಬಿಟ್ಟಿತು, ಹುಣಸೆಬೀಜದಷ್ಟು ಮುಷ್ಟಿ, ಗಾಜಿನ ಪೆಟ್ಟಿಗೆಯೊಳಗೆ ನನ್ನ ಮೊಮ್ಮಗಳು, ಮೈಮೇಲೆ ಒಂದೆಳೆ ನೂಲಿಲ್ಲ, ಒಂದು ಕಿಲೊ ನೂರು ಗ್ರಾಂ — ಸಂತೆಯಲ್ಲಿ ಬೆಲ್ಲ ತೂಗಿದ ಹಾಗೆ ಹೇಳಿದರಲ್ಲ — ಏಳು ತಿಂಗಳಿಗೇ ಏನು ಅವಸರವಿತ್ತೇ ತಾಯಿ ನಿನಗೆ, ಅಲ್ಲಿ ವಾರ್ಡಿನಲ್ಲಿ ಮಗಳು ಸೋನಾಲಿ ಕಣ್ಣು ಬಿಟ್ಟಾಗಲೆಲ್ಲ ಅದೊಂದೇ ಕೇಳುತ್ತಾಳೆ, ಯವ್ವಾ, ಕೂಸಿಗಿ ಬಟ್ಟಿ ಸುತ್ತಿದೇನು, ಹೂಂನವ್ವಾ ಅಂದೆ, ಸುಳ್ಳು, ಕ್ರಿಸ್‌ಮಸ್ ನಾಳೆ ಅನ್ನುವಾಗ ಅಪ್ಪಟ ಸುಳ್ಳು, ಬಟ್ಟೆ ಇಲ್ಲೇ ನನ್ನ ಚೀಲದಲ್ಲಿದೆ, ಅತ್ತೆಯ ಹಳೆ ಸೀರೆ ಹರಿದ ತುಂಡು, ನಮ್ಮಲ್ಲಿ ಕೂಸಿಗೆ ಮೊದಲು ಹಳೆಯದೇ ಆಗಬೇಕು, ತುಂಬು ಬಾಳು ಬಾಳಿದವರದು, ಅವರ ಆಯುಷ್ಯ ಇದಕ್ಕೆ ಹತ್ತಲಿ ಅಂತ, ಎಂಬತ್ತೆಂಟು ವರ್ಷ ಬಾಳಿದಳು ಅತ್ತೆ, ನನ್ನನ್ನು ಬೈದುಕೊಂಡೇ ಬಾಳಿದಳು, ಕುದಿಸಿ ಒಣಗಿಸಿ ತಂದರೆ ಸಿಸ್ಟರ್ ಮನೀಷಾ ತಿರುಗಿ ಕೈಗೆ ಕೊಟ್ಟಳು, ಹೊರಗಿನ ಬಟ್ಟಿ ನಡಿಯಂಗಿಲ್ರಿ ಅಮ್ಮಾ, ಕೂಸಿಗಿ ನಂಜಾಗ್ತದ.

ಫೋನು ನಡುಗುತ್ತಿದೆ, ಬಸವಕಲ್ಯಾಣದಿಂದ ಗಯಾಬಾಯಿ, ಭಾಗಕ್ಕಾ, ಚರ್ಚಿನ್ಯಾಗ ಗೋದಲಿ ಖಾಲಿ ಅದ, ಗೊಂಬಿ ಹಂಗೇ ಬಿದ್ದದ, ಯಾರು ಸುತ್ತಬೇಕು — ಇಪ್ಪತ್ತು ವರ್ಷ ನಾನೇ ಸುತ್ತಿದೆ ಆ ಯೇಸುಗೊಂಬೆಯನ್ನು, ಅತ್ತೆಯ ಸೀರೆಯ ತುಂಡುಗಳಲ್ಲೇ, ಅದರ ಮಣ್ಣಿನ ಮುಷ್ಟಿಯನ್ನು ಒಳಗೆ ಸೇರಿಸಿ, ಯಾರಾದ್ರೂ ಸುತ್ರೆವ್ವಾ, ನನ್ನ ಕೈಲಿ ಆಗಂಗಿಲ್ಲ ಅಂದು ಫೋನಿಟ್ಟೆ, ಕೇಳು ಕರ್ತನೇ, ನಿನ್ನ ಕೂಸಿಗೆ ದನದ ಕೊಟ್ಟಿಗೆಯಲ್ಲೂ ಬಟ್ಟೆ ಸಿಕ್ಕಿತು, ನನ್ನದಕ್ಕೆ ಹುಮನಾಬಾದಿನ ಇಷ್ಟು ದೊಡ್ಡ ದವಾಖಾನೆಯಲ್ಲಿ ಇಲ್ಲ, ಇದ್ಯಾವ ನ್ಯಾಯ — ಬೈದೆ, ಬೈದು ಹೆದರಿದೆ, ಆಮೇಲೆ ಅನಿಸಿತು, ಅವನೂ ಹೀಗೇ ಬಂದನಲ್ಲ, ಕತ್ತು ನಿಲ್ಲದೆ, ಮುಖದ ಮೇಲಿನ ನೊಣ ಓಡಿಸಲೂ ಆಗದೆ, ಲೋಕ ಕಾಯುವವನು ಹಾಲಿಗೆ ಅಳುತ್ತ, ಕೈಲಾಗದವರ ನಡುವೆ ಕೈಲಾಗದವನಾಗಿ, ಅವನ ತಾಯಿ ಮರಿಯಳೂ ನನ್ನ ಹಾಗೆ ಸುಮ್ಮನೆ ನೋಡುತ್ತ ಕೂತಿದ್ದಳೇನೋ, ಅಷ್ಟು ಸಾಕೇ, ಸಾಲದು, ನನಗೆ ಸಾಲದು, ಈ ಕೂಸು ಉಳಿಯಬೇಕು, ಸಿಸ್ಟರ್ ಏನೋ ಅನ್ನುತ್ತಿದ್ದಾಳೆ, ಅಳಬ್ಯಾಡ್ರಿ ಅಮ್ಮಾ, ಕೈ ತೊಳ್ಕೊಂಡು ಬರ್ರಿ, ಒಂದ್ ಬೆರಳು ಒಳಗ ಬಿಡ್ರಿ, ಒಂದೇ — ತೊಳೆದೆ, ಚರ್ಮ ಉರಿಯುವಷ್ಟು ಉಜ್ಜಿದೆ, ದುಂಡು ಕಿಂಡಿಯಿಂದ ಬೆರಳು ಚಾಚಿದೆ, ಅತ್ತೆಯ ಬಟ್ಟೆ ಹೊರಗೆ, ನಾನು ಒಂದು ಬೆರಳಷ್ಟು ಒಳಗೆ, ಮುಷ್ಟಿ ಬಿಗಿಯಿತು, ಬಿಟ್ಟಿತು, ಗೊಂಬೆಯದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತೆರೆಯಲಿಲ್ಲ, ಇದು ತೆರೆದಿದೆ, ನನ್ನ ಬೆರಳಿನ ಪಕ್ಕದಲ್ಲೇ ತೆರೆದಿದೆ, ಮುಚ್ಚಲಿ ಕರ್ತನೇ, ನನ್ನ ಬೆರಳ ಮೇಲೆ ಮುಚ್ಚಲಿ, ತೆರೆದೇ ಇದೆ, ಮುಷ್ಟಿ —