ಮೇಣದ ಮೇಲಿನ ಮೆಟ್ಟು

ಇದನ್ನು ಹೇಳಲು ನಾನು ತಕ್ಕವಳಲ್ಲವೇನೋ ಎಂಬ ಅಳುಕಿನಿಂದಲೇ ಶುರು ಮಾಡುತ್ತಿದ್ದೇನೆ, ಕ್ಷಮಿಸಬೇಕು. ಮಿರಿ ಪಟ್ಟಣದ ಸಂಜೆ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು ನಾನು. ಸಂಗೀತದ ವಿಷಯ ತಪ್ಪಾಗಿ ಬರೆದರೆ, ಊರಿಗೆ ಊರೇ ಒಂದೇ ಸೂರಿನಡಿ ಬಾಳುವ ನಮ್ಮ ಉದ್ದಮನೆಯ ಹಿರಿಯರು ಜಗಲಿಯಲ್ಲಿ ಕೂರಿಸಿಕೊಂಡು ತಿದ್ದದೆ ಬಿಡುವುದಿಲ್ಲ. ಆದರೆ ಆ ದಿನ ಕುಣಿದವಳು ನಾನೇ. ಬೇರೆ ಯಾರು ಬರೆಯಬೇಕೋ ತಿಳಿಯಲಿಲ್ಲ.

ಸುಗ್ಗಿ ಹಬ್ಬದ ಮಧ್ಯಾಹ್ನ. ಮನೆಮನೆಯ ಬಾಗಿಲೂ ತೆರೆದುಕೊಳ್ಳುವ ಆ ಒಂದೇ ಉದ್ದ ಜಗಲಿಯಲ್ಲಿ ಊಟ ಮುಗಿದಿತ್ತು. ಮರುದಿನ ಬೆಳಿಗ್ಗೆ ಉಸುನ್ ಅಜ್ಜಿ ಮೊಣಕಾಲಿನ ಆಪರೇಷನ್ನಿಗೆ ಮಿರಿಗೆ ಹೊರಡುವವರಿದ್ದರು. ಅವರ ಒಂಟಿ ಕುಣಿತ ನಮ್ಮಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

"ಕತ್ತರಿ ಬಿದ್ದ ಮೇಲೆ ಈ ಕಾಲು ನನ್ನ ಮಾತು ಕೇಳುತ್ತೋ ಇಲ್ವೋ. ಇವತ್ತೇ ಕಲಿತುಕೋ ಸುಲೌ," ಎಂದಿದ್ದರು ನನಗೆ.

ನನ್ನ ತಮ್ಮ ಬಿಲೊಂಗ್ ಸಾಪೆ ಹಿಡಿದು ಕೂತ. ಒಂದೇ ಮರವನ್ನು ದೋಣಿಯ ಹಾಗೆ ಕೊರೆದು ಅವನೇ ಮಾಡಿದ ತಂತಿವಾದ್ಯ. ಅದರ ಮೈಮೇಲೆ ಬಳ್ಳಿಬಳ್ಳಿಯಾಗಿ ಬಣ್ಣದ ಚಿತ್ರ. ಅಜ್ಜಿ ಮಂಗಟ್ಟೆ ಹಕ್ಕಿಯ ಗರಿಗಳನ್ನು ಎರಡೂ ಕೈಗೆ ಸಿಕ್ಕಿಸಿಕೊಂಡು ಎದ್ದರು. ಬಿಲೊಂಗ್ ನುಡಿಸತೊಡಗಿದ. ಅಜ್ಜಿ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು.

"ಇದು ನನ್ನ ಹಾಡಲ್ಲ."

"ನಿಮ್ಮದೇ ಅಜ್ಜಿ!" ಎಂದ ಬಿಲೊಂಗ್.

"ನಿನ್ನ ಅಜ್ಜ ಇದಕ್ಕೆ ಒಂದು ಮೆಟ್ಟು ಸರಿಸ್ತಿದ್ರು. ಸರಿಸು."

ತಂತಿಯ ಕೆಳಗಿನ ಬೆತ್ತದ ಮೆಟ್ಟುಗಳನ್ನು ನಮ್ಮಲ್ಲಿ ಜೇನುಮೇಣದ ಮೇಲೆ ಕೂರಿಸುತ್ತಾರೆ. ಹಾಡಿಗೆ ತಕ್ಕಂತೆ ಹೆಬ್ಬೆರಳಿನಿಂದ ಒತ್ತಿ ಸರಿಸಬಹುದು. ಬಿಲೊಂಗ್ ಮೂರನೆಯದನ್ನು ಒತ್ತಿದ. ಅಲುಗಲಿಲ್ಲ. ಮತ್ತೆ ಒತ್ತಿದ. ಆಮೇಲೆ ಅವನ ಮುಖ ಇಳಿಯಿತು.

"ಅಕ್ಕಾ, ಅಂಟು ಹಾಕಿದೀನಿ ಕಣೇ. ದೋಣಿ ಬಿರುಕಿಗೆ ಹಾಕ್ತೀವಲ್ಲ, ಅದು."

ಹಿಂದಿನ ತಿಂಗಳು ಪಟ್ಟಣದ ವೇದಿಕೆಯ ದೀಪಗಳ ಕಾವಿಗೆ ಮೇಣ ಕರಗಿ, ಹಾಡಿನ ನಡುವೆ ಮೆಟ್ಟು ಜಾರಿ, ಜನ ನಕ್ಕಿದ್ದರಂತೆ. ಇನ್ನು ಜಾರಬಾರದೆಂದು ಎಲ್ಲವನ್ನೂ ಅಂಟಿಸಿದ್ದ.

"ಸಾಪೆ ಮಾಡು ಅಂದ್ರೆ ದೋಣಿ ಮಾಡಿದಾನೆ," ಎಂದರು ಉಸುನ್ ಅಜ್ಜಿ. "ಹೊಳೆಗೆ ಬಿಡು, ತೇಲುತ್ತೆ."

ಜಗಲಿ ತುಂಬ ನಗು. ನನಗೆ ನಗು ಬರಲಿಲ್ಲ. ಹಾಗೆ ಮೆಟ್ಟು ಸರಿಸುತ್ತಿದ್ದ ನಮ್ಮ ಜಾಲೊಂಗ್ ಅಜ್ಜನ ಸಾಪೆ ಅವರೊಂದಿಗೆ ಸಮಾಧಿಗೇ ಹೋಗಿತ್ತು. ಊರಲ್ಲಿದ್ದ ಇನ್ನೊಂದು ಸಾಪೆ ಅಂಗಡಿಯಿಂದ ತಂದದ್ದು, ಮೆಟ್ಟುಗಳಿಗೆ ಮೊಳೆ ಹೊಡೆದದ್ದು. ಆ ಹಾಡಿಲ್ಲದೆ ಅಜ್ಜಿ ಕಾಲೆತ್ತುವುದಿಲ್ಲ. ನಾಳೆ ಅಜ್ಜಿ ಇರುವುದಿಲ್ಲ.

ಬಿಲೊಂಗ್ ಕೆತ್ತನೆಯ ಚಾಕು ತೆಗೆದ.

"ಬೇಡ ಕಣೋ, ಸಾಪೆ ಮೈ ಕಿತ್ತು ಬರುತ್ತೆ. ಮುಂದಿನ ತಿಂಗಳು ಕುಚಿಂಗ್ ಪಟ್ಟಣದಲ್ಲಿ ನುಡಿಸಬೇಕಲ್ವಾ ನೀನು?"

"ಗಾಯ ಆದ ಸಾಪೆಯಲ್ಲೇ ನುಡಿಸ್ತೀನಿ ಬಿಡು. ನೀನು ಮೇಣ ತಗೊಂಡು ಬಾ."

ಅಡುಗೆಮನೆಯ ಕಂಬದ ಟೊಳ್ಳಿನಲ್ಲಿ ಕುಟುಕದ ಪುಟ್ಟ ಮುಜಂಟಿ ಜೇನು ಗೂಡು ಕಟ್ಟಿತ್ತು. ಅದರ ಬಾಯಿಯಿಂದ ಕಪ್ಪು ಮೇಣ ಚಿವುಟಿ ತಂದೆ, ಅಂಗೈಯಲ್ಲಿ ತಿಕ್ಕಿ ಮೆತ್ತಗೆ ಮಾಡಿದೆ. ಚಾಕು ಮೆಟ್ಟಿನೊಂದಿಗೆ ಬಣ್ಣದ ಬಳ್ಳಿಯೊಂದನ್ನೂ ಎಬ್ಬಿಸಿತು. ಬಿಲೊಂಗ್ ಅದನ್ನು ನೋಡಲೂ ಇಲ್ಲ. ಮೇಣ ಮೆತ್ತಿ, ಮೆಟ್ಟು ಕೂರಿಸಿ, ತಂತಿ ಮೀಟಿದ.

"ಕೆಳಗೆ," ಎಂದರು ಅಜ್ಜಿ.

ಸರಿಸಿದ.

"ಇನ್ನೂ."

ಸರಿಸಿದ.

"ಅಯ್ಯೋ, ಅಷ್ಟು ಹೋದ್ರೆ ಮುಂದಿನ ಊರಿಗೇ ಮುಟ್ತೀಯ! ವಾಪಸ್ ಬಾ."

ಬಿಲೊಂಗ್ ತುಸು ಹಿಂದಕ್ಕೆ ಸರಿಸಿ ಮತ್ತೆ ಮೀಟಿದ. ನಾನು ಅವರ ಬಾಯಿ ನೋಡುತ್ತಿದ್ದೆ, ನೋಡಬೇಕಾಗಿದ್ದದ್ದು ಕಾಲನ್ನು. ನೋಯುವ ಕಾಲಿನ ಹಿಮ್ಮಡಿ ಹಲಗೆಯಿಂದ ತಾನಾಗಿ ಎದ್ದಿತ್ತು.

ಅಜ್ಜಿ ಕುಣಿದರು. ಜಗಲಿಯ ಹಲಗೆಗಳು ಸದ್ದು ಮಾಡದ ಹಾಗೆ, ನೀರಿನ ಮೇಲೆ ಹಕ್ಕಿ ಇಳಿಯುವ ಹಾಗೆ. ಕುಣಿತ ಮುಗಿದಾಗ ಕಂಬ ಹಿಡಿದುಕೊಂಡು ಗರಿಗಳನ್ನು ನನ್ನ ಕೈಗೆ ಕೊಟ್ಟರು.

"ಹಾಡು ಕೇಳು. ನನ್ನ ಕಾಲು ನೋಡಿದ್ರೆ ನೀನೂ ಕುಂಟ್ತೀಯ."

ಮೊದಲ ಸಲ ತಿರುವಿನಲ್ಲಿ ತಪ್ಪಿದೆ. ಎರಡನೆಯ ಸಲ "ಕೊಕ್ಕರೆಯಲ್ಲ, ಮಂಗಟ್ಟೆ!" ಎಂದು ಬೈಸಿಕೊಂಡೆ. ಆಮೇಲಿನ ಸಲ ಹಾಡು ಆ ಮೂರನೆಯ ಮೆಟ್ಟಿಗೆ ಬಂದಾಗ ನನ್ನ ಹಿಮ್ಮಡಿಯೂ ತಾನಾಗಿ ಎದ್ದಿತು. ಭಯ ಎಲ್ಲಿ ಹೋಯಿತೋ ಕಾಣೆ. ಕೊನೆಯವರೆಗೂ ಕುಣಿದೆ. ಅಜ್ಜಿ ಬೈಯಲಿಲ್ಲ.

ಬೆಳಿಗ್ಗೆ ಅಜ್ಜಿ ಜೀಪು ಹತ್ತುವಾಗ ಕೇಳಿದೆ: "ಅಜ್ಜ ಇಡ್ತಿದ್ದ ಜಾಗ ಅದೇನಾ ಅಜ್ಜಿ?"

"ಕುಣಿದ್ಯೋ ಇಲ್ವೋ?"

"ಕುಣಿದೆ."

"ಮತ್ತೇನು?" ಎಂದು ಬಾಗಿಲು ಹಾಕಿಕೊಂಡರು.

ಬಿಲೊಂಗ್ ಆಮೇಲೆ ಎಲ್ಲ ಮೆಟ್ಟುಗಳನ್ನೂ ಮೇಣದ ಮೇಲೆ ಕೂರಿಸಿದ. ಕುಚಿಂಗ್‌ನಲ್ಲಿ ಗಾಯದ ಸಾಪೆಗೇ ನಾನು ಕುಣಿದೆ. ನಮ್ಮೂರಿನ ಹುಡುಗಿಯರು ಈಗ ನನ್ನಿಂದ ಬೈಸಿಕೊಂಡು ಕಲಿಯುತ್ತಿದ್ದಾರೆ. ಜಾಲೊಂಗ್ ಅಜ್ಜ ಆ ಮೆಟ್ಟನ್ನು ಇಡುತ್ತಿದ್ದದ್ದು ಅಲ್ಲಿಯೋ, ಒಂದು ಕೂದಲೆಳೆ ಆಚೆಯೋ, ನನಗೆ ಗೊತ್ತಿಲ್ಲ.